ಒಂದು ಹಣೆಗೆ ಬೇಕಾದ ಕುಂಕುಮ

ನಿಶ್ಚಿತಾರ್ಥದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಕೊಳ್ಳೇಗಾಲದ ನನ್ನ ಪಾರ್ಲರಿನ ಶಟರ್ ಎತ್ತಲು ಬಂದಾಗ ತಾಯಿ ಮಗಳು ಇಬ್ಬರೂ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಬಂಡಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಮಗಳು ಮುಖಕ್ಕೆ ವೇಲು ಸುತ್ತಿಕೊಂಡಿದ್ದಳು. ಒಳಗೆ ಬಂದು ವೇಲು ತೆಗೆದಾಗ ನನ್ನ ಕೈಯಲ್ಲಿದ್ದ ಬೀಗ ಕೈಯಲ್ಲೇ ಉಳಿಯಿತು. ಹಣೆ ಊದಿ ಕೆಂಪಾಗಿತ್ತು. ಹುಬ್ಬಿನ ನಡುವೆ ನೀರುಗುಳ್ಳೆ ಎದ್ದು ಒಡೆದಿದ್ದವು. ಎಡಗಣ್ಣು ಅರ್ಧ ಮುಚ್ಚಿತ್ತು.

ಹಿಂದಿನ ದಿನ ಆ ಮುಖಕ್ಕೆ ಬಣ್ಣ ಹಚ್ಚಿದವಳು ನಾನೇ.

ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಕ್ಕ, ಸಂಜೆ ಊಟಕ್ಕೆ ಕುಂತಿದ್ದಾಗ್ಲೇ ಸುರುವಾಯ್ತು. ಉಡುಗನ ತಾಯಿ ಎಲ್ಲಾ ನೋಡ್ತಾ ಕುಂತಿದ್ರು. ಇದ್ಯಾನ ಮಗಿಗೆ ಚರ್ಮದ ಕಾಯ್ಲೆ ಗೀಯ್ಲೆ ಉಂಟಾ ಅಂದ್ರು. ನಾನು ಸೆಕೆಗೆ ಇಂಗಾಗದೆ ಅಂದ್ಬುಟ್ಟೆ" ಎಂದರು.

ಮಗಳು ಹನೂರಿನಲ್ಲಿ ಜಮೀನು ಅಳೆಯುವ ಸರ್ವೆ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಕಡಿಮೆ ಮಾತಿನವಳು. ಆವತ್ತು ಹೇಳಿದ್ದು ಒಂದೇ ಮಾತು: "ಮದ್ವೆಗೆ ಇಪ್ಪತ್ತೆಂಟು ದಿವ್ಸ ಅದೆ ಅಕ್ಕಾ. ಧಾರೆ ಒತ್ಗೆ ಇಂಗೇ ಊದ್ಕಂಡ್ರೆ ಅವ್ರು ಎದ್ದೋಯ್ತಾರೆ."

ಇಬ್ಬರನ್ನೂ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಮುಲಾಮು, ಮಾತ್ರೆ ಬರೆದುಕೊಟ್ಟು, "ಕೃತಕ ಬಣ್ಣ, ಅಂಟು, ಸುವಾಸನೆ ಇವು ಈ ಚರ್ಮಕ್ಕೆ ಆಗಲ್ಲ. ಸ್ಟಿಕ್ಕರ್ ಬೇಡ, ಅಂಗಡಿ ಕುಂಕುಮ ಬೇಡ, ಲಿಪ್‌ಸ್ಟಿಕ್ ಬೇಡ" ಎಂದರು. "ಮದುವೆ ಹೆಣ್ಣು ಡಾಕ್ಟ್ರೇ" ಎಂದೆ. "ಹಂಗಾದ್ರೆ ಏನಾದ್ರೂ ಹಚ್ಚೋ ಮುಂಚೆ ಮೊಣಕೈ ಒಳಗಡೆ ಹಚ್ಚಿ ಎರಡು ದಿನ ಕಾಯಿರಿ. ಕೆಂಪಾದ್ರೆ ಬಿಟ್ಬಿಡಿ" ಎಂದರು. ಅಷ್ಟೇ. ಮುಂದಿನದನ್ನು ನಾವೇ ನೋಡಿಕೊಳ್ಳಬೇಕಿತ್ತು.

ನಾನು ಯಾವ ಹೆಣ್ಣುಮಗಳಿಗೆ ಯಾವ ದಿನ ಏನು ಹಚ್ಚಿದೆ ಎಂದು ಬರೆದಿಡುತ್ತೇನೆ. ಅವಳ ಪುಟ ತೆಗೆದು ನೋಡಿದರೆ ಹನ್ನೊಂದು ವಸ್ತು. ಹನ್ನೊಂದರ ಡಬ್ಬಿಗಳ ಹಿಂದೆಯೂ ಸಣ್ಣ ಅಕ್ಷರದಲ್ಲಿ ಬಣ್ಣದ ನಂಬರುಗಳಿದ್ದವು. ಹದಿನಾರು ವರ್ಷದಿಂದ ಹಚ್ಚುತ್ತಿದ್ದೇನೆ, ಆ ನಂಬರುಗಳನ್ನು ಓದಿದ್ದು ಅವತ್ತೇ ಮೊದಲು.

ನನ್ನ ಬಳಿ ಹುಬ್ಬು ತೆಗೆಸಲು ಬರುವ ಕಾಲೇಜಿನ ಇತಿಹಾಸದ ಮೇಡಂ ಒಬ್ಬರಿದ್ದಾರೆ. ಆ ವಾರ ಅವರು ಬಂದಾಗ ಬಾಯಲ್ಲಿ ದಾರ ಹಿಡಿದುಕೊಂಡೇ ಕೇಳಿದೆ, "ಈ ಡಬ್ಬಿಗಳೆಲ್ಲ ಬರೋ ಮುಂಚೆ ಜನ ಏನು ಹಚ್ಕೊಳ್ತಿದ್ರು ಮೇಡಂ? ಹಳೇ ಕಾಲದ್ದೆಲ್ಲ ಒಳ್ಳೇದೇ ಇರಬೇಕಲ್ವಾ?"

"ಯಾರು ಹೇಳಿದ್ದು? ಈಜಿಪ್ಟಲ್ಲಿ ಕಣ್ಣಿಗೆ ಬಳೀತಿದ್ದ ಕಪ್ಪು ಸೀಸದ ಅದಿರು. ಕಲ್ಲಿನ ಮೇಲೆ ಅರೆದು, ಕೊಬ್ಬು ಕಲಸಿ, ಸಣ್ಣ ಬಾಯಿಯ ಕುಡಿಕೆಯಲ್ಲಿ ಇಟ್ಕೊಳ್ತಿದ್ರು. ಗ್ರೀಸು, ರೋಮಲ್ಲಿ ಮುಖ ಬೆಳ್ಳಗಾಗ್ಲಿ ಅಂತ ಹಚ್ಚಿದ್ದೂ ಸೀಸದ ಬಿಳಿ ಪುಡಿನೇ. ಕೆನ್ನೆಗೆ ಇಂಗಲೀಕ ಅನ್ನೋ ಕೆಂಪು ಕಲ್ಲಿನ ಪುಡಿ, ಅದ್ರಲ್ಲಿ ಪಾದರಸ. ಅಯ್ಯೋ, ಕಿತ್ರಿ!"

ದಾರ ಬಿಗಿಯಾಗಿತ್ತು. ಕ್ಷಮಿಸಿ ಎಂದು ಸಡಿಲ ಮಾಡಿದೆ.

ಮರುದಿನ ಅವರೊಂದು ದಪ್ಪ ಪುಸ್ತಕ ತಂದುಕೊಟ್ಟರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಓದಿದೆ. ಸಿಂಧೂ ಬಯಲಿನಲ್ಲಿ ಮಣ್ಣಿನಡಿ ಸಿಕ್ಕ ತಾಮ್ರದ ಕಾಡಿಗೆಕಡ್ಡಿಯ ಚಿತ್ರವಿತ್ತು. ಎರಡೂ ತುದಿ ದುಂಡಗೆ ನಯವಾಗಿದ್ದವು, ಕಣ್ಣಿಗೆ ಚುಚ್ಚದ ಹಾಗೆ. ಆ ಕಡ್ಡಿ ಮಾಡಿದವನು ಯಾರೋ, ಹಚ್ಚಿಕೊಂಡವಳು ಯಾರೋ, ಆದರೆ ನಯ ಮಾಡಿದ ಕಾರಣ ನನಗೆ ಚೆನ್ನಾಗಿ ಗೊತ್ತಾಯಿತು. ಗಂಧ ತೇಯುವುದು, ಅರಗಿನಿಂದ ಕೆಂಪು ತೆಗೆದು ಪಾದಕ್ಕೆ ಬಳಿಯುವುದು, ತುಟಿಗೆ ಜೇನುಮೇಣ ಸವರುವುದು, ಎಲ್ಲ ಓದಿದೆ. ಓದುತ್ತಾ ಎರಡು ಪಟ್ಟಿ ಮಾಡಿಕೊಂಡೆ. ಕಲ್ಲು, ಲೋಹದಿಂದ ಬಂದದ್ದು ಒಂದು ಕಡೆ, ಅದೆಲ್ಲ ಬೇಡ. ಗಿಡ, ಎಣ್ಣೆ, ಮೇಣ, ಹೊಗೆಯಿಂದ ಬಂದದ್ದು ಇನ್ನೊಂದು ಕಡೆ, ಅದನ್ನು ಪರೀಕ್ಷಿಸಿ ನೋಡುವುದು. ನಾಲ್ಕೇ ವಸ್ತು ಸಾಕು ಅನ್ನಿಸಿತು: ಕಣ್ಣಿಗೆ ಕಾಡಿಗೆ, ತುಟಿಗೆ ಮೇಣ, ಮುಖಕ್ಕೆ ಗಂಧ, ಹಣೆಗೆ ಕುಂಕುಮ.

ಕಾಡಿಗೆ ಸುಲಭವಾಯಿತು. ನಮ್ಮಮ್ಮ ಬಾಣಂತಿಯರಿಗೆ ಮಾಡುತ್ತಿದ್ದದ್ದನ್ನು ನೋಡಿದ್ದೆ. ಹಳೆಯ ಬಿಳಿ ಪಂಚೆಯ ಚೂರನ್ನು ನಂದಿಬಟ್ಟಲು ಹೂವಿನ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ಬತ್ತಿ ಹೊಸೆದೆ. ಹರಳೆಣ್ಣೆ ದೀಪ ಹಚ್ಚಿ, ಎರಡು ಇಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದೆ. ಮಸಿ ಕೆರೆದು ತುಪ್ಪದಲ್ಲಿ ಕಲಸಿದೆ. ಮೊದಲ ಸಲ ತುಪ್ಪ ಹೆಚ್ಚಾಗಿ ಇಳಿಯಿತು, ಎರಡನೆಯ ಸಲ ಸರಿಹೋಯಿತು. ಆದರೂ ಡಾಕ್ಟರನ್ನು ಕೇಳಿ, ಕಣ್ಣಿನೊಳಗೆ ಬೇಡ, ರೆಪ್ಪೆಯ ಹೊರಗೆ ಮಾತ್ರ ಎಂದು ತೀರ್ಮಾನಿಸಿದೆ. ಯಳಂದೂರಿನಲ್ಲಿ ಬೆಟ್ಟದ ಜೇನು ಮಾರುವವರಿಂದ ಮೇಣ ತರಿಸಿ, ಕರಗಿಸಿ, ಎರಡು ಸಲ ಬಟ್ಟೆಯಲ್ಲಿ ಸೋಸಿ, ತುಪ್ಪ ಸೇರಿಸಿದೆ. ಎಣ್ಣೆಯಲ್ಲಿ ಕೆಂಪು ಬಿಡುವ ರತನ್‌ಜೋತ್ ಬೇರು, ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕಿತು. ಗಂಧಕ್ಕೆ ಕೊರಡು, ಸಾಣೆಕಲ್ಲು ಮನೆಯಲ್ಲೇ ಇದ್ದವು.

ಎಲ್ಲವನ್ನೂ ಮೊದಲು ನನ್ನ ಕೈಗೆ, ಆಮೇಲೆ ಅವಳ ಮೊಣಕೈ ಒಳಭಾಗಕ್ಕೆ. ಕೆಲಸ ಮುಗಿಸಿ ಹನೂರು ಬಸ್ಸಿಳಿದು ಅವಳು ಸೀದಾ ಬರುತ್ತಿದ್ದಳು. ಕಾಸಿನಗಲ ಹಚ್ಚಿ, ಸುತ್ತ ಪೆನ್ನಿನಿಂದ ಗೆರೆ ಎಳೆದು ಕಳಿಸುತ್ತಿದ್ದೆ.

"ಆಪೀಸಲ್ಲಿ ಎಲ್ಲಾ ಆಡ್ಕತಾರೆ ಅಕ್ಕಾ. ಯಾನವ್ವ ಕೈ ಮ್ಯಾಲೆ ಸರ್ವೆ ಮಾಡ್ಸಿದ್ದೀಯಾ, ಪಾಲಾಗಿ ಪೋಡಿ ಆಯ್ತಾ ಅಂತಾರೆ."

ಅವಳು ನಕ್ಕಿದ್ದು ಅವತ್ತೇ ಮೊದಲು. ಮೂರೂ ವಸ್ತುವಿಗೆ ಚರ್ಮ ಕೆಂಪಾಗಲಿಲ್ಲ.

ಸೋತದ್ದು ಕುಂಕುಮದಲ್ಲಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಯಾರಿಗೂ ಗೊತ್ತು. ಹಾಗೇ ಮಾಡಿದೆ. ಹಸಿಯಲ್ಲಿ ರಕ್ತದಂಥ ಬಣ್ಣ ಬಂತು. ಒಣಗಿದಾಗ ಕಂದು. ನನ್ನ ಕೈಗೆ ಹಚ್ಚಿದರೆ ಚುರುಚುರು. ಬೆವರು ತಾಗಿದ ಕಡೆ ಮತ್ತೆ ಹಳದಿ. ಆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಗ್ರಂಧಿಗೆ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರಿಗೆ ಎಂಬತ್ತರ ಹತ್ತಿರ. ಅವರ ಮನೆಯಲ್ಲಿ ಹಿಂದೆ ಕುಂಕುಮ ಮಾಡುತ್ತಿದ್ದರೆಂದು ಕೇಳಿದ್ದೆ. ಪೊಟ್ಟಣ ಬಿಚ್ಚಿ ನೋಡಿ ಮೂಗು ಮುರಿದರು.

"ಸುಣ್ಣ ಆಕಿದ್ದೀಯಾ? ಇದ್ಯಾನವ್ವ, ಎಣ್ಣಿಗೆ ಬೊಟ್ಟಿಡ್ತಿಯೋ, ಗ್ವಾಡೆ ಬಳೀತಿಯೋ?"

"ಮತ್ತೆ ಹೆಂಗೆ ತಾತ?"

"ಗುಂಡು ಅರಿಸಿನ ತಕಾ, ಬೆರಳಂಗಿರಾದು ಬ್ಯಾಡ. ಕಡ್ಲೆಕಾಳ್ನಂಗೆ ಜಜ್ಕಾ. ನಿಂಬೆ ಉಳೀಲಿ ಬಿಳಿಗಾರ, ಪಟಿಕ ಕರಗ್ಸಿ ಅದ್ರ ಮ್ಯಾಲೆ ಉಯ್ಯಿ. ಕಬ್ಣದ ಪಾತ್ರೆ ಮುಟ್ಬ್ಯಾಡ, ಕಪ್ಪಾಯ್ತದೆ. ಮೂರು ದಿವ್ಸ ತಿರುವಾಕು. ಆಮ್ಯಾಕೆ ಒಣಗಾಕು, ಕುಟ್ಟು, ಬಟ್ಟೇಲಿ ಜರಡಿ ಇಡಿ. ಅವಸ್ರ ಮಾಡುದ್ಯೋ, ಕೆಟ್ಟೆ."

ಅಳತೆ ಕೇಳಿದರೆ ಬೆರಳಿನಲ್ಲಿ ತೋರಿಸಿದರು. ನಾನು ಮನೆಗೆ ಬಂದು ಅದನ್ನು ತೂಕಕ್ಕೆ ಇಳಿಸಿ ಬರೆದುಕೊಂಡೆ. ಬಿಳಿಗಾರ, ಪಟಿಕ ಎರಡೂ ಕಲ್ಲಿನಿಂದ ಬಂದವೇ, ಆದರೆ ಕೈ ಮೇಲೆ ಪರೀಕ್ಷಿಸದೆ ಬಿಡುವುದಿಲ್ಲವಲ್ಲ ಎಂದುಕೊಂಡೆ. ಕಾಲು ಕಿಲೋ ಅರಿಶಿನಕ್ಕೆ ಮಾಡಿ ನೋಡಿದೆ. ಪಿಂಗಾಣಿ ಬೋಗುಣಿಯಲ್ಲಿ ಮೊದಲ ದಿನ ಕಿತ್ತಳೆ, ಎರಡನೆಯ ದಿನ ಇಟ್ಟಿಗೆ, ಮೂರನೆಯ ದಿನ ಚೂರು ಮುರಿದರೆ ಒಳಗೂ ಕೆಂಪು. ಅಡುಗೆಮನೆಯ ಅಟ್ಟದಲ್ಲಿ ಒಣಗಿ, ಕುಟ್ಟಿ, ಸೋಸಿ, ಎರಡು ಹನಿ ಎಳ್ಳೆಣ್ಣೆ ಹಾಕಿ ತಿಕ್ಕಿದಾಗ ಬ್ಯಾಡಗಿ ಮೆಣಸಿನಕಾಯಿಯಂಥ ಬಣ್ಣ. ಅಂಗಡಿಯದರ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಅವಳ ಕೈಗೆ ಹಚ್ಚಿ ಎರಡು ದಿನ ಕಾದೆವು. ಏನೂ ಆಗಲಿಲ್ಲ. ಹಣೆಯ ಗಾಯ ಅಷ್ಟರಲ್ಲಿ ಮಾಯ್ದಿತ್ತು. ಅಲ್ಲೂ ಸಾಸಿವೆಯಷ್ಟು ಹಚ್ಚಿ ಇನ್ನೆರಡು ದಿನ. ಏನೂ ಇಲ್ಲ.

ಗೆದ್ದೆ ಅಂದುಕೊಂಡು ಅವಳ ತಾಯಿಗೆ ಪುಟ್ಟ ಡಬ್ಬಿ ತೋರಿಸಿದೆ. ಅವರು ಸಂತೋಷಪಡುವ ಬದಲು ಡಬ್ಬಿಯನ್ನೇ ನೋಡುತ್ತಾ ಕೂತರು.

"ಇಷ್ಟು ನೀನು ಅಚ್ಚಾಕೆ ಆಯ್ತು ಕಣಕ್ಕ. ಮಿಕ್ಕೋರು ಅಚ್ಚಾಕೆ?"

ಮಿಕ್ಕವರು! ನಾನು ಅಲಂಕಾರದ ಕೋಣೆಯ ಬಾಗಿಲಿನವರೆಗೆ ಮಾತ್ರ ಯೋಚಿಸಿದ್ದೆ. ಬಾಗಿಲು ದಾಟಿದ ಮೇಲೆ ಮದುವೆ ಹೆಣ್ಣಿನ ಹಣೆ ಅವಳದಲ್ಲ. ಶಾಸ್ತ್ರ ಶಾಸ್ತ್ರಕ್ಕೂ ಮುತ್ತೈದೆಯರು ಸಾಲಾಗಿ ಬಂದು ತಟ್ಟೆಯಲ್ಲಿ ಇಟ್ಟ ಅರಿಶಿನ ಕೆನ್ನೆಗೆ, ಕುಂಕುಮ ಹಣೆಗೆ ಹಚ್ಚುತ್ತಾರೆ. ಒಬ್ಬರನ್ನೂ ಬೇಡ ಎನ್ನುವ ಹಾಗಿಲ್ಲ, ಅಂದರೆ ಅಪಶಕುನ. ನಾನು ಒಂದು ಬೊಟ್ಟಿಗೆ ಕುಂಕುಮ ಮಾಡಿದ್ದೆ. ಬೇಕಾಗಿದ್ದದ್ದು ಛತ್ರದ ಎಲ್ಲ ಬಟ್ಟಲಿಗೆ.

ಅರಿಶಿನ ಅವರ ಹೊಲದ್ದೇ ಇತ್ತು. ನಾಲ್ಕು ಕಿಲೋ ಗುಂಡು ಆರಿಸಿ, ನಾನೇ ಬಂಡಳ್ಳಿಗೆ ಹೋಗಿ ನಿಂಬೆಹುಳಿ ಹಾಕಿ ನೆನೆಸಿ ಬಂದೆ. ಮುಖಕ್ಕೆ ಹಚ್ಚುವ ಅರಿಶಿನವನ್ನೂ ಅದೇ ರಾಶಿಯಿಂದ ಕುಟ್ಟಿಸಿದೆ. ಮೂರು ದಿನ ಕಳೆದು ಒಣಹಾಕಿ ಅಂದಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಹೋದರೆ ಕಣದಲ್ಲಿ ಟಾರ್ಪಾಲು ಹಾಸಿ, ಸುಡು ಬಿಸಿಲಿಗೆ ಹರವಿಟ್ಟಿದ್ದಾರೆ. ಅರಿಶಿನ ಬೆಳೆಯುವವರು ಬೇಯಿಸಿದ ಗಡ್ಡೆಯನ್ನು ಒಣಗಿಸುವುದೇ ಹಾಗೆ, ತಲೆಮಾರುಗಳಿಂದ. ತಾಯಿ ಬೆಳಗಿನಿಂದ ಕೂತು ಕೋಲಿನಿಂದ ತಿರುವಿ ತಿರುವಿ ಹಾಕಿದ್ದರು, ನನಗೆ ಒಂದು ದಿನ ಉಳಿಯಲಿ ಎಂದು. ಬಣ್ಣ ಹಾರಿ ಎಲ್ಲ ಒಣಗಿದ ಸಗಣಿಯ ಹಾಗಾಗಿತ್ತು.

"ಬಿಸ್ಲಿಗೆ ಆಕ್ಬಾರ್ದಿತ್ತಾ?" ಎಂದರು. ಕೋಲು ಕೈಯಲ್ಲೇ ಇತ್ತು.

ನಾನು ನೆರಳಲ್ಲಿ ಎಂದು ಹೇಳಿರಲಿಲ್ಲ. ಅಂಗಡಿಯ ತಾತನೂ ನನಗೆ ಹೇಳಿರಲಿಲ್ಲ. ಮೊದಲ ಸಲ ಅಟ್ಟದಲ್ಲಿ ಒಣಗಿಸಿದ್ದು ಕೋತಿಗಳ ಭಯಕ್ಕೆ, ಗೊತ್ತಿದ್ದು ಅಲ್ಲ. ಅದನ್ನು ಅವರಿಗೆ ಹೇಳಿದೆ. ಮದುವೆಗೆ ಒಂಬತ್ತು ದಿನ ಉಳಿದಿತ್ತು.

ಅಂದೇ ಸಂಜೆ ಬೇರೆ ನಾಲ್ಕು ಕಿಲೋ ಗುಂಡು ಜಜ್ಜಿ ಎರಡನೆಯ ಸಲ ನೆನೆಸಿದೆವು. ಒಣಗಿಸಲು ಅವರ ರೇಷ್ಮೆಹುಳು ಸಾಕುವ ಮನೆ ಸಿಕ್ಕಿತು. ಬೆಳೆ ಮುಗಿದು ಖಾಲಿ ಇತ್ತು. ನೆರಳು, ಗಾಳಿ, ಬಿದಿರಿನ ತಟ್ಟೆಗಳು, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಆ ತಟ್ಟೆಗಳಿಗೆ ರೋಗ ತಗುಲದಿರಲಿ ಎಂದು ಔಷಧಿ ಹೊಡೆದಿರುತ್ತಾರೆ. ಅದು ಅರಿಶಿನದ ಚೂರುಗಳಿಗೆ ಹತ್ತಿದರೆ ಪಟ್ಟ ಪಾಡೆಲ್ಲ ಹೋಯಿತು. ಮೂರು ದಿನದಲ್ಲಿ ಆರು ತಟ್ಟೆಗಳನ್ನು ಮೂರು ಸಲ ತೊಳೆದು, ಒಣಗಿಸಿ, ಕುದಿಸಿದ ಪಂಚೆ ಹಾಸಿ ಅದರ ಮೇಲೆ ಹರವಿದೆವು. ಈ ಸಲ ತಾಯಿ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು, ಬೆಳಕಿನ ಒಂದು ಗೆರೆಯೂ ಬೀಳದ ಹಾಗೆ ಕಾದರು.

ಚೂರುಗಳನ್ನು ತಿರುವುತ್ತಿದ್ದಾಗ ಮಗಳು ಮೆಲ್ಲನೆ ಅಂದಳು, "ಅಕ್ಕಾ, ಉಡುಗನ ಕಡೆಯೋರು ಅವ್ರ ಅಟ್ಟಿ ಭರಣಿ ತತ್ತಾರೆ."

ಅವರ ಮನೆಯ ಪದ್ಧತಿಯಂತೆ. ಧಾರೆಯ ಮುಂಚೆ ಗಂಡಿನ ತಾಯಿ ತಮ್ಮ ದೇವರ ಮನೆಯ ಕುಂಕುಮದ ಭರಣಿ ತಂದು ಸೊಸೆಗೆ ಮೊದಲ ಕುಂಕುಮ ಇಡುತ್ತಾರೆ. ಆಮೇಲೆ ಅವರ ಕಡೆಯ ಹೆಂಗಸರೆಲ್ಲ ಅದರಿಂದಲೇ. ನಮ್ಮ ಕಡೆಯ ಬಟ್ಟಲು ತುಂಬಿಸಬಹುದು, ಅವರ ಭರಣಿ ತುಂಬಿಸುವುದು ಹೇಗೆ?

ತಾಯಿ ಹೇಳಿದರು, "ಬುಡಕ್ಕ. ಎಂಗೋ ಆ ಒತ್ತು ಅಚ್ಚಿದ ತಕ್ಸಣ ಸೆರಗಲ್ಲಿ ಒರೆಸ್ಬುಡು. ಅವ್ರಿಗೆ ಯೋಳ್ಬ್ಯಾಡ. ಕಾಯ್ಲೆ ಉಡುಗಿ ಅಂದ್ಬುಡ್ತಾರೆ."

ಒರೆಸಿದರೆ ಬಣ್ಣ ಇನ್ನೂ ಅಗಲಕ್ಕೆ ಹತ್ತುತ್ತದೆ. ಅದು ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು: ಹೇಳಿದರೆ ಮದುವೆ ಒಂದು ವಾರ ಮುಂಚೆಯೇ ನಿಲ್ಲಬಹುದು. ನನ್ನ ಕೈಯಿಂದ ಆದದ್ದು ನಿಜ, ಆದರೆ ನಿಂತರೆ ನಿಲ್ಲುವುದು ಅವಳ ಮದುವೆ. ಹಾಗಾಗಿ ಅವಳನ್ನೇ ಕೇಳಿದೆ. ಅವಳು ಚೂರು ತಿರುವುವುದನ್ನು ನಿಲ್ಲಿಸಲಿಲ್ಲ.

"ಮದ್ವೆ ಆದ್ಮ್ಯಾಲೆ ದಿನಾ ಕುಂಕ್ಮ ಇಡ್ಬೇಕಲ್ಲಕ್ಕಾ ಆ ಅಟ್ಟೀಲಿ. ದಿನಾ ಒರೆಸ್ಕಂಡು ಇರಾಕಾಯ್ತದಾ? ನೀವೇ ಓಗಿ ಯೋಳಿ. ಅವ್ವಂಗೆ ನಾನು ಯೋಳ್ತೀನಿ."

ಮರುದಿನ ಪಾರ್ಲರ್ ಮುಚ್ಚಿ ಹುಡುಗನ ಊರು ಯಳಂದೂರಿಗೆ ಬಸ್ಸು ಹತ್ತಿದೆ. ಮೊದಲ ಸಲ ಮಾಡಿದ್ದರಲ್ಲಿ ಉಳಿದ ಕುಂಕುಮದ ಡಬ್ಬಿ ಕೈಚೀಲದಲ್ಲಿತ್ತು. ಹುಡುಗನ ತಾಯಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ಅದರ ನಡುವೆ ಕಾಸಿನಗಲ ಕುಂಕುಮ. ಯಾರೆಂದು ಹೇಳಿಕೊಂಡೆ.

"ಓ, ಬ್ಯೂಟಿ ಪಾರ್ಲರ್ನೋರಾ? ನಂಗೂ ಯಾನಾರ ಬಳಿಯಾಕೆ ಬಂದಿದ್ದೀರಾ?"

"ಇಲ್ಲಮ್ಮ. ಆವತ್ತು ಹುಡುಗಿ ಮುಖ ಊದಿದ್ದು ಸೆಕೆಗಲ್ಲ. ನಾನು ಹಚ್ಚಿದ ಬಣ್ಣಕ್ಕೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಮೊರ ಆಡುವುದು ನಿಂತಿತು. ಡಾಕ್ಟರ ಚೀಟಿ ತೋರಿಸಿದೆ. ಇದು ಅಂಟುರೋಗವಲ್ಲ, ಬಣ್ಣ ಬಿಟ್ಟರೆ ಏನೂ ಇಲ್ಲ ಎಂದೆ. ಕುಂಕುಮ ಮಾಡಿದ್ದು, ಕೆಟ್ಟದ್ದು, ಮತ್ತೆ ಮಾಡುತ್ತಿರುವುದು ಎಲ್ಲ ಹೇಳಿದೆ. ಕೊನೆಗೆ ಭರಣಿಯ ಮಾತು ಬಂತು. ಅದರಲ್ಲೂ ಇದೇ ಕುಂಕುಮ ತುಂಬಬಹುದೇ ಎಂದು ಡಬ್ಬಿ ಮುಂದಿಟ್ಟೆ.

"ನಮ್ಮ ದ್ಯಾವರ ಭರಣೀಲಿ ಇಷ ಅದೆ ಅಂತೀರಾ?"

"ಭರಣೀಲಿ ಅಲ್ಲಮ್ಮ. ಅದಕ್ಕೆ ತುಂಬೋ ಪುಡೀಲಿ. ಅಂಗಡಿಯಿಂದ ತರೋ ಪುಡಿ ಎಲ್ಲರಿಗೂ ಒಂದೇ. ಅವಳ ಚರ್ಮ ಮಾತ್ರ ಬೇರೆ."

ಅವರು ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೂಸಿದರು. ಎರಡು ಬೆರಳಲ್ಲಿ ತಿಕ್ಕಿದರು. "ಬಣ್ಣ ಮಾಸ್ಲು" ಎಂದರು. ಒಳಗಿನಿಂದ ಯಾರೋ ಕರೆದರು. ಎದ್ದು ನಿಂತು, "ಕಾಫಿ ಕುಡ್ಕಂಡೋಗಿ" ಎಂದರು. ಆಗಲಿ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕಾಫಿ ಕುಡಿದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿಕೊಂಡರೆ ಡಬ್ಬಿ ಅಲ್ಲೇ ಉಳಿದಿತ್ತು.

ಮದುವೆ ನಿಲ್ಲಿಸುವ ಫೋನು ಬರಲಿಲ್ಲ. ಬೇರೆ ಫೋನೂ ಬರಲಿಲ್ಲ. ನಾವು ಕುಂಕುಮ ಕುಟ್ಟಿದೆವು, ಜರಡಿ ಹಿಡಿದೆವು. ಬಂದದ್ದು ಮೂರು ಕಿಲೋದಷ್ಟು. ಒಂದು ಕಿಲೋ ಪೊಟ್ಟಣ ಕಟ್ಟಿ ಯಳಂದೂರು ಬಸ್ಸಿನ ಕಂಡಕ್ಟರ್ ಕೈಲಿ ಆ ಮನೆಗೆ ಕಳಿಸಿದೆ. ಮುಟ್ಟಿತು ಎಂದು ಕಂಡಕ್ಟರ್ ಹೇಳಿದ, ಅಷ್ಟೇ.

ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ಬೆಳಿಗ್ಗೆ ನಾಲ್ಕೇ ವಸ್ತುವಿನಲ್ಲಿ ಅಲಂಕಾರ ಮುಗಿಸಿದೆ. ಗಂಧ ಮಾತ್ರ ತೆಳ್ಳಗೆ ಸವರಿದ ಮುಖ ಫೋಟೊಗ್ರಾಫರನಿಗೆ ಹಿಡಿಸಲಿಲ್ಲ, "ಮೇಕಪ್ ಇನ್ನೂ ಸ್ಟಾರ್ಟೇ ಮಾಡಿಲ್ವಾ ಮೇಡಂ?" ಅಂದ. ಒಂಬತ್ತೂವರೆಗೆ ಗಂಡಿನ ಕಡೆಯವರು ಮಂಟಪಕ್ಕೆ ಬಂದರು. ಹುಡುಗನ ತಾಯಿಯ ಕೈಯಲ್ಲಿ ಬೆಳ್ಳಿಯ ಭರಣಿ. ನಾನು ಕಂಬದ ಪಕ್ಕ ಬಟ್ಟೆ, ನೀರು ಹಿಡಿದು ನಿಂತಿದ್ದೆ. ಅವರು ಮುಚ್ಚಳ ತೆಗೆದರು. ಅಷ್ಟು ದೂರದಿಂದಲೂ ಬಣ್ಣ ಗುರುತು ಸಿಕ್ಕಿತು. ಮಾಸಲು ಕೆಂಪು. ಸೊಸೆಗೆ ಮೊದಲ ಕುಂಕುಮ ಇಟ್ಟು ಅವರು ಕೆಳಗಿಳಿಯಲಿಲ್ಲ, ಅವಳ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು.

ಹೆಂಗಸರು ಸಾಲಾಗಿ ಬರತೊಡಗಿದರು. ಅವರ ಕಡೆಯ ಸೊಸೆಯೊಬ್ಬಳು ತನ್ನ ಬ್ಯಾಗಿನಿಂದ ಸ್ವಂತದ ಕುಂಕುಮದ ಡಬ್ಬಿ ತೆಗೆದಳು.

"ಲೇ, ಅದ ಮಡಿಕ್ಕ ಒಳಕೆ. ಇದ್ರಲ್ಲಿ ಅಚ್ಚು" ಎಂದರು ಹುಡುಗನ ತಾಯಿ.

"ಯಾಕತ್ತೆ? ಇದು ಕೆಂಪಗೆ ಚೆಂದಾಗದೆ. ನಿಮ್ದು ಎಂಗೋ ಮಣ್ಣಂಗದೆ."

"ನೀನೂ ಕೆಂಪಗೆ ಚೆಂದಾಗಿದ್ದೀಯ ಅಂತ ತಂದ್ಕಂಡೋ, ಈಗ ನಿನ್ ಬಾಯಿ ನೋಡು. ಅಚ್ಚು ಅಂದ್ರೆ ಅಚ್ಚು."

ಸಾಲು ನಕ್ಕಿತು. ಆಮೇಲೆ ಯಾರೂ ಬ್ಯಾಗು ಬಿಚ್ಚಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹಣೆಯ ಮೇಲೆ ಕುಂಕುಮ ಬೆರಳಿನ ದಪ್ಪ ಕೂತಿತ್ತು, ಮೂಗಿನ ಮೇಲೆ ಉದುರಿತ್ತು. ಕಾಡಿಗೆ ಅಳುವಿಗೆ ಸ್ವಲ್ಪ ಇಳಿದಿತ್ತು, ಅದನ್ನು ನಾನು ಒರೆಸಿದೆ. ಕುಂಕುಮವನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ. ಕೆಳಗೆ ಏನಾಗಿದೆಯೋ ಗೊತ್ತಿರಲಿಲ್ಲ. ಅವಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ಊಟವಾದ ಮೇಲೆ ಹುಡುಗನ ತಾಯಿ ನಮ್ಮ ಕೋಣೆಗೆ ಬಂದರು. ಹಿಂದೆ ಅವರ ಕಡೆಯ ನಾಲ್ಕೈದು ಹೆಂಗಸರು. ನನ್ನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು, ಸೊಸೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗಲ್ಲ ಹಿಡಿದು ಹಣೆಯನ್ನು ಪೂರ್ತಿ ಒರೆಸಿದರು. ಅವಳ ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಹುಡುಗನ ತಾಯಿ ಹೆಬ್ಬೆರಳಿನಿಂದ ಹುಬ್ಬಿನ ನಡುವೆ ಒತ್ತಿ ನೋಡಿದರು. ಪಕ್ಕಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಎಲ್ಲರಿಗೂ ಕೇಳುವ ಹಾಗೆ, "ಯಾನೂ ಇಲ್ಲ" ಎಂದರು.

ಆಮೇಲೆ ಭರಣಿ ತೆಗೆದು, ಆ ಬರಿಯ ಹಣೆಗೆ ಹೊಸದಾಗಿ ಇಟ್ಟರು.